ಒಳಗಿನಿಂದ ತೆಗೆಯುವ ಚಿಲಕ

ಮಾರ್ಚ್ 3, ಮಂಗಳವಾರ, ಬೆಳಿಗ್ಗೆ 11
ಹಾಲು ಕಾಯಿಸಿದೆ, ಬಟ್ಟೆ ನೆನೆಸಿದೆ. ಮಗಳು ಅರ್ಧ ಬಾಳೆಹಣ್ಣು ತಾನು ತಿಂದು ಉಳಿದರ್ಧ ಸೋಫಾಗೆ ತಿನ್ನಿಸಿದಳು. ನಿನ್ನೆಯೂ ನಿದ್ದೆ ಇಲ್ಲ. ಕಣ್ಣಲ್ಲಿ ಮರಳು ಹಾಕಿದಂತಿದೆ.

ಹಿತ್ತಲಲ್ಲಿ ಕಬ್ಬಿಣ ಕೊಯ್ಯುವ ಗ್ರೈಂಡರ್ ಕಿರುಚುತ್ತಿದೆ. ಗಂಡ ರಜೆ ಹಾಕಿ ಕೂತಿದ್ದಾನೆ, ಬಾರ್ಬೆಕ್ಯೂ ಸ್ಮೋಕರ್ ತಾನೇ ಮಾಡುತ್ತಾನಂತೆ. ಮಾಂಸ ಹೊಗೆಯಲ್ಲಿ ಬೇಯಲು ದೊಡ್ಡ ಡ್ರಮ್ಮು. ಪಕ್ಕಕ್ಕೆ ಸೌದೆ ಉರಿಸಲು ಒಂದು ಕಬ್ಬಿಣದ ಗೂಡು—ಗುಜರಿಯಲ್ಲಿ ಸಿಕ್ಕಿದ್ದು, ಯಾವುದೋ ಹಳೆಯ ಬಾಯ್ಲರಿನ ತುಂಡು. ಅತ್ತೆ ಇಡೀ ಯಂತ್ರಕ್ಕೆ 'ಹೊಗೆ ಮಹಾರಾಜ' ಎಂದು ಹೆಸರಿಟ್ಟಿದ್ದಾರೆ.

ಗೂಡಿಗೆ ಬಾಗಿಲು ಕೂತಿದೆ. ಚಿಲಕ ಬಾಕಿ. ಮಂಡಿ ಮಡಚಿ ಕುಳಿತರೆ ಮಗಳು ಅದರೊಳಗೆ ಸರಿಯಾಗಿ ಹಿಡಿಸುತ್ತಾಳೆ.

ಯಾಕೆ ಹೀಗೆಲ್ಲ ಅಳೆಯುತ್ತೇನೋ.

ಮಾರ್ಚ್ 5
ಮೊದಲ ಚಿಲಕ ದಂಡ. ಪಕ್ಕಕ್ಕೆ ಸರಿಸುವಂಥದ್ದು, ಮಗಳು ಬಂದವಳೇ ಸರಕ್ಕನೆ ಸರಿಸಿದಳು.

"ನೋಡಿದ್ಯಾ, ಎರಡು ವರ್ಷಕ್ಕೇ ಇಂಜಿನಿಯರು!" ಎಂದ ಇವನು.

ಸಂಜೆ ಇನ್ನೊಂದು ಮಾಡಿದ. ಭಾರವಾದ ಪಟ್ಟಿ, ಬಾಗಿಲು ತಳ್ಳಿದರೆ ತನ್ನ ತೂಕಕ್ಕೆ ತಾನೇ ಕೊಕ್ಕೆಯೊಳಗೆ ಬೀಳುತ್ತದೆ. ಟಕ್. "ಇವಳ ಕೈಲಿ ಎತ್ತೋಕೆ ಆಗಲ್ಲ. ಈಗ ಸಮಾಧಾನಾನಾ?"

"ಒಳಗೆ ಕೂತು ಬಾಗಿಲು ಎಳ್ಕೊಂಡ್ರೆ?"

"ಯಾರು?"

"ಯಾರಾದ್ರೂ. ಒಳಗಿಂದಲೂ ತೆಗೆಯೋ ಹಾಗೆ ಮಾಡು."

"ಯಾಕೆ, ಬೆಂಕಿಗೆ ಸೆಕೆ ಆದ್ರೆ ಬಾಗಿಲು ತಕ್ಕೊಂಡು ಹೊರಗೆ ಬರ್ಲಿ ಅಂತಾನಾ?"

ನಗು ಬರಲಿಲ್ಲ. ಊಟದ ತಟ್ಟೆ ಮುಟ್ಟಲಿಲ್ಲ. ಕೊನೆಗೆ ಅತ್ತೆಯೇ, "ಮಾಡ್ಕೊಡಪ್ಪ, ನಿನ್ನ ಗಂಟೇನು ಹೋಗತ್ತೆ? ಅವಳ ತಲೇಲಿ ಹುಳ ಹೊಕ್ಕಿದೆ, ಹೊರಗೆ ಹೋಗೋಕೂ ಒಂದು ದಾರಿ ಬೇಕಲ್ಲ," ಎಂದರು.

ಮಾರ್ಚ್ 6
ಮಾಡಿಕೊಟ್ಟ. ಬಾಗಿಲ ಒಳಮೈಗೆ ಚಮಚದಷ್ಟು ಅಗಲದ ಹಿಡಿ. ಕೆಳಗೆ ಒತ್ತಿದರೆ ಹೊರಗಿನ ಪಟ್ಟಿ ಮೇಲೇಳುತ್ತದೆ. ಪುಟ್ಟ ಬೆರಳಿಗೂ ಆಗುತ್ತದೆ.

ಬಾಗಿಲು ಹಾರುಹೊಡೆದಿಟ್ಟು ಮಗಳಿಗೆ ಕಲಿಸಿದೆ. ಹೀಗೆ ಹಿಡಿ. ಹೀಗೆ ಒತ್ತು. ಅವಳು ನನ್ನ ಕಡೆ ನೋಡಲೇ ಇಲ್ಲ. ತಲೆ ಒಳಗೆ ಹಾಕಿ, ಗೂಡಿನ ಕತ್ತಲ ಮೂಲೆಗೆ ಹೇಳಿದಳು—"ಹೀಗೆ ಒತ್ತು. ಒತ್ತು."

ಎಳೆದು ಎತ್ತಿಕೊಂಡೆ. ಅತ್ತಳು.

ಮಾರ್ಚ್ 9, ಮಧ್ಯಾಹ್ನ
ಮಗಳು ಮಲಗಿದ್ದಳು. ಬಟ್ಟೆ ಹರವುತ್ತಿದ್ದೆ. ಹಿಂದಿನಿಂದ ಟಕ್.

ಪಟ್ಟಿ ಅಲುಗಾಡುತ್ತಿತ್ತು. ಎದ್ದು ಬಿದ್ದ ಹಾಗೆ.

"ಬಿಸಿಲಿಗೆ ಕಬ್ಬಿಣ ಹಿಗ್ಗತ್ತೆ," ಇವನು. "ಬೆಕ್ಕಿರ್ಬೇಕು," ಅತ್ತೆ. ಬಾಗಿಲು ತೆಗೆದು ನೋಡಿದೆ. ಏನಿಲ್ಲ. ಗೂಡಿಗೆ ಇನ್ನೂ ಒಂದು ಕಡ್ಡಿಯ ಬೆಂಕಿಯೂ ಮುಟ್ಟಿಲ್ಲ. ತಗಡಿನ ನೆರಳಿನಲ್ಲಿದೆ. ಒಳಗೆ ಕೈಯಿಟ್ಟರೆ ಜ್ವರ ಬಂದ ಮಗುವಿನ ಹಣೆಯ ಹಾಗೆ...

ಮಗಳು ಎದ್ದ ಮೇಲೆ ಸುಮ್ಮನೆ ಕೇಳಿದೆ, "ಗೂಡಲ್ಲಿ ಯಾರಿದ್ದಾರೆ, ಕಂದಾ?"

"ಪಾಪು."

"ಏನು ಮಾಡ್ತಿದೆ ಪಾಪು?"

"ಕಲೀತಿದೆ."

ಮಾರ್ಚ್ 10
ಒಳಗಿನ ಹಿಡಿ ಕತ್ತರಿಸಿಬಿಡು ಎಂದೆ.

"ಬೇಕು ಅಂದವಳೂ ನೀನೇ, ಬೇಡ ಅನ್ನೋಳೂ ನೀನೇ. ಭಾನುವಾರ ಆಫೀಸಿನವರು ಬಂದು ಹೋಗ್ಲಿ, ಆಮೇಲೆ ಕತ್ತರಿಸ್ತೀನಿ. ನೀನು ಮೊದಲು ಸ್ವಲ್ಪ ನಿದ್ದೆ ಮಾಡು, ಕೈ ಮುಗೀತೀನಿ."

ಪಟ್ಟಿಗೆ ತಂತಿ ಸುತ್ತಿ ಬಿಗಿದೆ. ಎಷ್ಟು ಬಿಗಿಯಾಯಿತೋ ಅಷ್ಟು.

ಮಾರ್ಚ್ 15, ಭಾನುವಾರ
ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ.

ಸೌದೆ ತುಂಬಲು ಇವನು ತಂತಿ ಬಿಚ್ಚಿದ್ದ. ಆಫೀಸಿನವರೆಲ್ಲ ತಟ್ಟೆ ಹಿಡಿದು ಡ್ರಮ್ಮಿನ ಸುತ್ತ. ಒಬ್ಬ, "ಇನ್ನೆಷ್ಟು ಹೊತ್ತು ಸಾರ್, ನಾವೂ ಹೊಗೆ ಹಿಡಿದು ಬೆಂದ್ವಿ," ಎಂದ. ಎಲ್ಲರೂ ನಕ್ಕರು. ಆ ನಗುವಿನಡಿಯಲ್ಲಿ ನನಗೊಬ್ಬಳಿಗೇ ಕೇಳಿಸಿತು. ಗೂಡಿನಿಂದ, ಅಮ್ಮಾ.

ಮಗಳ ದನಿ. ಆದರೆ ಮಗಳು ಅತ್ತೆಯ ಸೊಂಟದ ಮೇಲೆ ಕೂತಿದ್ದಳು. ಕಣ್ಣಾರೆ ನೋಡಿದೆ. ಪಟ್ಟಿ ಕೂದಲೆಳೆಯಷ್ಟು ಮೇಲೆದ್ದಿತು, ಬಿತ್ತು. ಎದ್ದಿತು, ಬಿತ್ತು. ಪುಟ್ಟ ಬೆರಳಿಗೆ ಬಲ ಸಾಲದ ಹಾಗೆ.

ಅಮ್ಮಾ.

ನನ್ನದಲ್ಲ ಎಂದು ಗೊತ್ತಿತ್ತು. ಅಳುವ ಮಗುವಿಗೆ ಬಾಗಿಲು ತೆಗೆಯದೆ ಹೇಗೆ ನಿಲ್ಲುವುದು? ಕೈ ತಾನಾಗಿ ಹೋಯಿತು. ಬರಿಗೈ.

ಒಳಗೆ ಕೆಂಡ ಮಾತ್ರ. ಇವನು ಓಡಿ ಬಂದು ಬಾಗಿಲನ್ನು ಕಾಲಲ್ಲಿ ಒದ್ದು ಮುಚ್ಚಿದ. ನಿದ್ದೆ ಇಲ್ಲದ್ದಕ್ಕೆ ಹೀಗೆ ಎಂದರು ಎಲ್ಲರೂ. ಡಾಕ್ಟರೂ ಅದನ್ನೇ ಹೇಳಿ ಸುಟ್ಟ ಬಲಗೈಗೆ ಬ್ಯಾಂಡೇಜ್ ಕಟ್ಟಿದರು.

ಬಾಗಿಲು ತೆಗೆದಾಗ ಮಗಳು ಚಪ್ಪಾಳೆ ತಟ್ಟಿದಳು. ಅದನ್ನು ಯಾರಿಗೂ ಹೇಳಿಲ್ಲ.

ಮಾರ್ಚ್ 16, ಮಧ್ಯಾಹ್ನ
ನಿದ್ದೆ ಮಾತ್ರೆ ಕೊಟ್ಟಿದ್ದರು. ಎಷ್ಟೋ ತಿಂಗಳ ಮೇಲೆ ಸತ್ತ ಹಾಗೆ ಮಲಗಿದೆ. ಎದ್ದಾಗ ಬಿಸಿಲು ನೆತ್ತಿಗೇರಿತ್ತು.

ಇವನು ಗೂಡಿನ ಬಾಗಿಲಿಗೆ ಸುತ್ತಲೂ ವೆಲ್ಡಿಂಗ್ ಮಾಡುತ್ತಿದ್ದಾನೆ. ನಾನು ಹೇಳಿದ್ದಲ್ಲ. ಬೂದಿ ತೆಗೆಯಲು ಹೋದವನು ಬರಿಗೈಲಿ ವಾಪಸ್ ಬಂದನಂತೆ. ಯಾಕೆ ಎಂದು ಅತ್ತೆ ಕೇಳಿದರೆ, "ಸುಮ್ನಿರಮ್ಮ," ಎಂದನಂತೆ. ಅತ್ತೆ ಇವತ್ತು ಒಂದು ತಮಾಷೆಯನ್ನೂ ಮಾಡಿಲ್ಲ.

ಈಗಷ್ಟೇ ಹಿತ್ತಲಿನಿಂದ ಕೂಗಿದ—"ಆಯ್ತು ಕಣೆ. ಇನ್ನು ಏನೂ ಹೊರಗೆ ಬರಲ್ಲ."

ಮಂಚದ ಪಕ್ಕ ನೆಲದ ಮೇಲೆ ಕೂತಿದ್ದೇನೆ. ಎಡಗೈಯಲ್ಲೇ ಬರೆಯುತ್ತಿದ್ದೇನೆ. ಮಗಳು ತಲೆತುಂಬ ಹೊದ್ದು ಮಲಗಿದ್ದಾಳೆ. ಹೊದಿಕೆಯಡಿ ಉಬ್ಬು ಎರಡು. ಒಂದೇ ಅಳತೆ. ಉಸಿರೂ ಒಟ್ಟೊಟ್ಟಿಗೆ.

ಎತ್ತಿಕೊಂಡು ಓಡಬೇಕು. ಒಂದನ್ನು. ಹೊದಿಕೆ ಸರಿಸಿದರೆ ಎರಡೂ ಎದ್ದು ಅಮ್ಮಾ ಅಂದರೆ, ಯಾವುದು ನನ್ನ—