ಬಸುರಿಯರ ಊಟಕ್ಕೆ ಪ್ಲಾಸ್ಟಿಕ್ ಡಬ್ಬಿ

ಆಸ್ಪತ್ರೆಗಳ ಆಹಾರ ವಿಭಾಗದ ಮಾನ್ಯ ನಿರ್ದೇಶಕರೇ,

ಹೆರಿಗೆ ವಾರ್ಡಿನ ಬಸುರಿಯರಿಗೆ ಕುದಿಯುವ ಊಟವನ್ನು ತೆಳು ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಕೊಡಬೇಕೆಂಬ ನಿಮ್ಮ ಆದೇಶವನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ಕೇಳುತ್ತಿರುವವಳು ಆ ಡಬ್ಬಿ ತುಂಬುವ ಅಡುಗೆಯವಳೇ. ಮೂರು ಅರ್ಜಿ ಕೊಟ್ಟೆ. ನಿಮ್ಮ ಕಚೇರಿ ತುಟಿಪಿಟಕ್ಕೆನ್ನಲಿಲ್ಲ. ಅದಕ್ಕೇ ಈಗ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ಮೊದಲು ನಾವು ಸ್ಟೀಲ್ ತಟ್ಟೆಯಲ್ಲಿ ಬಡಿಸುತ್ತಿದ್ದೆವು. ಆಸ್ಪತ್ರೆಯ ಹಿಂದಿನ ತೋಟದಾಕೆ ಆಯಾ ಕಾಲಕ್ಕೆ ಬೆಳೆದ ಸೊಪ್ಪು, ಕುಂಬಳಕಾಯಿ ಬೆಳಿಗ್ಗೆ ಕಿತ್ತು ತರುತ್ತಿದ್ದಳು. ಈಗ ಅವಳಿಗೆ ಗೇಟಿನಲ್ಲೇ ತಡೆ. ಅವಳ ಸೊಪ್ಪಿಗೆ ಲೇಬಲ್ ಇಲ್ಲವಂತೆ! ಬೇರಿಗಂಟಿದ ಹಸಿ ಮಣ್ಣಿಗಿಂತ ಬೇರೆ ಲೇಬಲ್ ಬೇಕೇ? ಬದಲಿಗೆ ಎಲ್ಲಿಂದಲೋ ಬಂದ, ತಿಂಗಳುಗಟ್ಟಲೆ ಹೆಪ್ಪುಗಟ್ಟಿ ಚೀಲದಲ್ಲಿ ಮಲಗಿದ್ದ ತರಕಾರಿಯನ್ನು, ಚೀಲ ಕತ್ತರಿಸಿ ಸುರಿದು ಬೇಯಿಸುತ್ತೇವೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಊಟ ಕುದಿಯುವಾಗಲೇ ಸೀಲು ಹಾಕಿದರೆ, ಆರಿದ ಮೇಲೆ ಡಬ್ಬಿಯ ಬಾಯಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಡೋಲಿನ ಹಾಗೆ ಬಿಗಿಯುತ್ತದೆ. ನಿಮ್ಮ ತಪಾಸಣಾಧಿಕಾರಿ ಅದನ್ನು ಬೆರಳಿನಿಂದ ತಟ್ಟಿ ಅಂಕ ಕೊಡುತ್ತಾರೆ. ಅಂಕದಾಸೆಗೆ ನಾನು ಆರಿದ ಊಟವನ್ನೂ ಮತ್ತೆ ಕುದಿಸಿ ತುಂಬಿದೆ. ಅತ್ಯುತ್ತಮ ಸೀಲಿಂಗ್ ಎಂಬ ಪ್ರಮಾಣಪತ್ರ ಬಂತು. ಊಟ ವಾಸನೆ ಎಂದ ಬಸುರಿಯರನ್ನು, "ಹೊಸ ಡಬ್ಬಿ ಕಣಮ್ಮಾ, ಹಾಗೇ ಇರುತ್ತೆ, ಸುಮ್ನೆ ತಿನ್ನು" ಎಂದು ಗದರಿದೆ.

ಹನ್ನೆರಡು ದಿನಗಳ ಹಿಂದೆ ನನ್ನ ಮಗಳೇ ಆ ವಾರ್ಡಿಗೆ ಸೇರಿದಳು. ಏಳು ತಿಂಗಳು. ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ. ಮೊದಲ ತುತ್ತಿಗೇ, "ಅಮ್ಮಾ, ಪ್ಲಾಸ್ಟಿಕ್ ತಿಂದ ಹಾಗಿದೆ, ಇದನ್ನ ಯಾರು ಮಾಡಿದ್ದು?" ಅಂದಳು. ಅಂದೇ ಮೊದಲ ಬಾರಿಗೆ ಡಬ್ಬಿ ಮಗುಚಿ ನೋಡಿದೆ. ತಳದಲ್ಲಿ ಸಣ್ಣಕ್ಷರ: ಬಿಸಿ ಪದಾರ್ಥ ಹಾಕಬಾರದು. ಮೇಲ್ವಿಚಾರಕರಿಗೆ ತೋರಿಸಿದೆ.

"ಅದು ಮನೇಲಿ ಬಳಸೋರಿಗೆ ಬರೆದಿರೋದು, ಆಸ್ಪತ್ರೆಗಲ್ಲ" ಅಂದರು.

ವಿಷ ಏನು ವಿಳಾಸ ನೋಡಿಕೊಂಡು ಇಳಿಯುತ್ತದೆಯೇ, ಮಾನ್ಯರೇ? ವಾರ್ಡಿನ ಡಾಕ್ಟರಮ್ಮನನ್ನು ಕೇಳಿದೆ. "ಬಿಸಿಗೆ ಪ್ಲಾಸ್ಟಿಕ್‌ನಿಂದ ಏನೇನೋ ಬಿಡುತ್ತೆ, ಬಸುರಿಯರಿಗೆ ಬೇಡವೇ ಬೇಡ. ಆದ್ರೆ ಊಟದ ವಿಷಯ ನನ್ನ ಕೈಲಿಲ್ಲ" ಅಂದರು. ಮನೆಯಿಂದ ತರೋಣವೆಂದರೆ ಹೊರಗಿನ ಊಟಕ್ಕೆ ನಿಷೇಧ. ಮಗಳಿಗೆ ತಿನ್ನು ಎನ್ನಲೂ ಭಯ, ಬೇಡ ಎನ್ನಲೂ ಭಯ. ನನಗೆ ದಿಕ್ಕೇ ತೋಚುತ್ತಿಲ್ಲ.

ತಟ್ಟೆಗಳು ಉಗ್ರಾಣದಲ್ಲೇ ಇವೆ, ತೊಳೆಯಲು ನಾನಿದ್ದೇನೆ. ತೋಟದಾಕೆಗೆ ಗೇಟು ತೆಗೆಸಿ, ಒಂದು ಸಹಿ ಹಾಕಿ. ಇಂದೇ ಹಾಕಿ. ನಾಳೆ ಹನ್ನೆರಡು ಗಂಟೆಗೆ ನಾನು ಮತ್ತೆ ಮೂವತ್ತೆರಡು ಡಬ್ಬಿ ತುಂಬಬೇಕು. ಅದರಲ್ಲಿ ಒಂದು ನನ್ನ ಮಗಳದು. ಯಾವುದೆಂದು ನನಗೆ ಗೊತ್ತಾಗುವುದಿಲ್ಲ.

ಇಂತಿ,
ಮಗಳನ್ನು ಸಾಕಿದ ತನ್ನ ಕೈಗೇ ಹೆದರುತ್ತಿರುವ ತಾಯಿ