ಶೂ ಸಮೇತ ನಿಮ್ಮ ತೂಕ

ಭಾನುವಾರ, ಮಧ್ಯಾಹ್ನ

ಮಗಳ ಅಪ್ಪನವರಿಗೆ,

ಸಂಬೋಧನೆ ಬರೆಯಲಿಕ್ಕೇ ಎರಡು ಹಾಳೆ ಹರಿದು ಹಾಕಿದೆ. ಒಂಬತ್ತು ವರ್ಷದ ಮೇಲೆ ಗಂಡನಿಗೆ ಕಾಗದ ಬರೆಯುವವಳು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರೆಂದು ಪ್ರತಿ ಸಲ ನಿಮ್ಮ ಫೋನು ಮುಗಿದ ಮೇಲೆ ನಮ್ಮ ಚಿನಕುರಳಿ ಮಗಳು ಹೇಳುತ್ತಾಳೆ. ನಾನು ಕೇಳದಿದ್ದರೂ ಹೇಳುತ್ತಾಳೆ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ನಿಮ್ಮ ತೂಕ ಎಷ್ಟು?

ನಗಬೇಡಿ. ನಿಮ್ಮ ಮಗಳಿಗೆ ವಿಮಾನ ಹಾರಿಸುವ ಲೈಸೆನ್ಸ್ ಸಿಕ್ಕಿದ್ದು ನಿಮಗೆ ಗೊತ್ತು. ಗೊತ್ತಿಲ್ಲದ್ದು ಇದು: ಅವಳು ಫ್ಲೈಯಿಂಗ್ ಕ್ಲಬ್ಬಿನ ನಾಲ್ಕು ಸೀಟಿನ ವಿಮಾನ ತೆಗೆದುಕೊಂಡು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಮುದ್ರ ದಾಟಿ ನೀವಿರುವ ದೇಶಕ್ಕೆ ರಜೆಗೆ ಬರುತ್ತಾಳಂತೆ. ಅಲ್ಲಿಂದ ನಿಮ್ಮನ್ನೂ ಹತ್ತಿಸಿಕೊಂಡು ಒಂದು ವಾರ ಆ ಕಡೆಯ ದ್ವೀಪಗಳನ್ನೆಲ್ಲ ಸುತ್ತುವುದಂತೆ. ನಿಮ್ಮ ತೂಕವನ್ನು ಫೋನಿನಲ್ಲೇ ಕೇಳು ಎಂದೆ. "ತೂಕ ನಾನು ಕೇಳ್ಬಹುದಮ್ಮಾ, ಆದ್ರೆ ಅಪ್ಪನ್ನ ಕರೀಬೇಕಾದೋಳು ನೀನು. ನೀನು ಕರೆದ್ರೆ ಮೂರನೇ ಸೀಟು. ಇಲ್ದಿದ್ರೆ ಅಲ್ಲಿ ಪೆಟ್ರೋಲು ಹಾಕಿಸ್ಕೊಂಡು ನಾವಿಬ್ರೇ ಮುಂದೆ ಹೋಗ್ತಾ ಇರ್ತೀವಿ," ಅಂದಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ. ಈ ಹಟದ ನೂಲು ನಿಮ್ಮ ಕಡೆಯದು.

ಆ ಪುಟ್ಟ ವಿಮಾನದಲ್ಲಿ ಎಲ್ಲವೂ ತೂಕದ ಮೇಲೆ ನಿಂತಿದೆ. ಜನ, ಪೆಟ್ಟಿಗೆ, ನೀರಿನ ಬಾಟಲಿ, ಟ್ಯಾಂಕಿನಲ್ಲಿರುವ ಇಂಧನ, ಎಲ್ಲ ಕೂಡಿಸಿ ನೋಡಿದ ಮೇಲೇ ಹೊರಡುವುದು. ಟ್ಯಾಂಕು ತುಂಬಿಸಿದರೆ ಸಾಮಾನು ಕಡಿಮೆ, ಸಾಮಾನು ಹೆಚ್ಚಿದರೆ ಇಂಧನ ಕಡಿಮೆ. ನಿಮ್ಮ ತೂಕ ನನಗೆ ಗೊತ್ತು ಎಂದು ಜಂಬದಿಂದ ಹೇಳಿದೆ. ನಿಮ್ಮ ಎದೆಯಳತೆ, ಸೊಂಟ, ತೋಳುದ್ದ ನನಗೆ ಇವತ್ತಿಗೂ ಬಾಯಿಪಾಠ. ಅದರ ಮೇಲೆ ಅಂದಾಜು ಮಾಡಿ ಹೇಳಿಬಿಟ್ಟೆ. ಅವಳು ಬರೆದುಕೊಳ್ಳುತ್ತಿದ್ದ ಪೆನ್ಸಿಲು ಕೆಳಗಿಟ್ಟಳು. "ಅಮ್ಮಾ, ಅದು ನೀನು ಅಪ್ಪಂಗೆ ಕೊನೇ ಅಂಗಿ ಹೊಲಿದಾಗಿನ ಅಳತೆ," ಅಂದಳು. ಒಂಬತ್ತು ವರ್ಷದಲ್ಲಿ ನೀವು ದಪ್ಪಗಾಗಿರಬಹುದು, ಇಳಿದಿರಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ.

ನನ್ನ ತೂಕದ್ದು ಬೇರೆ ಕಥೆ. ಕಡಿಮೆ ಮಾಡಿ ಹೇಳಿದ್ದೆ. ಕ್ಲಬ್ಬಿನಲ್ಲಿ ಹಾರಾಟ ಕಲಿಸುವ ಮೇಷ್ಟ್ರು ಸಾಮಾನು ತೂಗುವ ಯಂತ್ರ ತೋರಿಸಿ, "ಇಲ್ಲಿ ಮುಲಾಜು ನಡಿಯಲ್ಲ ಮೇಡಂ, ಶೂ ಹಾಕ್ಕೊಂಡೇ ಹತ್ತಿ," ಅಂದರು. ಬಣ್ಣ ಬಯಲಾಯಿತು. ಆದ್ದರಿಂದ ನೀವೂ ಶೂ, ಬೆಲ್ಟು ಸಮೇತ ತೂಗಿಸಿಕೊಳ್ಳಿ. ಬಂದರಿನಲ್ಲಿ ಕ್ರೇನ್ ನಡೆಸುವವರಿಗೆ ಭಾರದ ವಿಷಯ ನಾನೇನು ಹೇಳಿಕೊಡುವುದು!

ನಾನು ಇದಕ್ಕೆಲ್ಲ ಹೇಗೆ ಒಪ್ಪಿದೆ ಎಂದು ನಿಮಗೆ ಆಶ್ಚರ್ಯವಾಗುತ್ತಿರಬಹುದು. ಒಮ್ಮೆ ನೀವು ನಿಮ್ಮ ಕ್ರೇನಿನ ಗೂಡು ತೋರಿಸುತ್ತೇನೆಂದು ಕರೆದುಕೊಂಡು ಹೋದಾಗ ಅರ್ಧ ಏಣಿ ಹತ್ತಿ, ಕಂಬಿ ತಬ್ಬಿಕೊಂಡು, ಕಣ್ಣು ಮುಚ್ಚಿಯೇ ಕೆಳಗಿಳಿದವಳು ನಾನು. ಆದರೆ ಕ್ಲಬ್ಬಿನ ವಿಮಾನಗಳಿಗೆ ಬಟ್ಟೆಯ ಹೊದಿಕೆ ಹೊಲಿಯುವ ಕೆಲಸ ನನಗೆ ಬಂತು. ಅಳತೆ ತೆಗೆಯಲು ಹೋದಾಗ ಚಿನಕುರಳಿಯೂ ಬಂದಿದ್ದಳು. ಅವಳ ಹುಚ್ಚು ಶುರುವಾದದ್ದು ಅಲ್ಲೇ. ರೆಕ್ಕೆಯ ಕೆಳಗೆ ಬೆರಳಿನಷ್ಟು ಒಂದು ಕೊಳವೆ ಇದೆ. ಅದರೊಳಗೆ ಕಣಜದ ಹುಳು ಗೂಡು ಕಟ್ಟಿಬಿಟ್ಟರೆ ಎಷ್ಟು ವೇಗದಲ್ಲಿ ಹೋಗುತ್ತಿದ್ದೇವೆಂದೇ ತಿಳಿಯುವುದಿಲ್ಲವಂತೆ. ಅದಕ್ಕೊಂದು ಕೆಂಪು ಟೋಪಿ ಹೊಲಿದುಕೊಟ್ಟೆ. ಹೊರಡುವಾಗ ತೆಗೆಯಲು ಮರೆಯದಿರಲಿ ಎಂದು ಉದ್ದ ಬಾಲವನ್ನೂ ಇಟ್ಟೆ. ವಿಮಾನದ ಬಾಗಿಲು ನಮ್ಮ ಬಟ್ಟೆ ಬೀರುವಿನ ಬಾಗಿಲಿಗಿಂತ ತೆಳ್ಳಗಿದೆ. ಇಷ್ಟು ಹಗುರಾದದ್ದನ್ನು ನಂಬಿ ಜನ ಮೇಲೆ ಹೋಗುತ್ತಾರಲ್ಲ ಎಂದು ಎರಡು ಸಲ ತಟ್ಟಿ ನೋಡಿದ್ದೆ.

ಹೋದ ವಾರ ನನ್ನನ್ನೂ ಹತ್ತಿಸಿದಳು. ಓಡುತ್ತಿದ್ದ ಗಾಲಿಯ ಸದ್ದು ಇದ್ದಕ್ಕಿದ್ದಂತೆ ನಿಂತಿತು. ನೆಲ ನಮ್ಮನ್ನು ಬಿಟ್ಟಿತೋ, ನಾವು ನೆಲವನ್ನು ಬಿಟ್ಟೆವೋ, ಗೊತ್ತಾಗಲಿಲ್ಲ. ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿದ್ದೆ. "ಅಮ್ಮಾ, ನನ್ನ ಕೈ ನೋಡು ಸಾಕು, ಕೆಳಗೆ ನೋಡ್ಬೇಡ," ಅಂದಳು. ನೋಡಿದೆ. ವಿಮಾನದ ಹಿಡಿಕೆಯನ್ನು ಎರಡೇ ಬೆರಳಿನಲ್ಲಿ ಹಿಡಿದಿದ್ದಳು ರೀ! ಅಷ್ಟು ದೊಡ್ಡ ಆಕಾಶದಲ್ಲಿ ಎರಡು ಬೆರಳು. ಚಿಕ್ಕವಳಿದ್ದಾಗ ಹೊಲಿಗೆ ಕಲಿಸುತ್ತಾ ನಾನೇ ಹೇಳಿದ್ದೆ, ಬಟ್ಟೆಯನ್ನು ತಳ್ಳಬಾರದು, ಅದು ತಾನಾಗಿ ಹೋಗುತ್ತದೆ, ನಾವು ದಾರಿ ತೋರಿಸಬೇಕಷ್ಟೆ ಎಂದು. ಹೊಲಿಗೆ ಅವಳಿಗೆ ಜಪ್ಪಯ್ಯ ಅಂದರೂ ಹತ್ತಲಿಲ್ಲ. ಆ ಮಾತು ಮಾತ್ರ ಕೈಯಲ್ಲಿ ಉಳಿದುಕೊಂಡಿದೆ.

ಆಮೇಲೆ ಕೆಳಗೂ ನೋಡಿದೆ. ನಮ್ಮ ಬೀದಿ, ಅಂಗಡಿ, ಗುರುತಿಗೆಂದು ಮಹಡಿಯ ಮೇಲೆ ಒಣಹಾಕಿದ್ದ ಹಳದಿ ಹೊದಿಕೆ, ಎಲ್ಲ ಕಂಡವು. ಆಚೆಗೆ ಸಮುದ್ರ. ಅದಕ್ಕೆ ಅಂಚೇ ಇರಲಿಲ್ಲ. ಎಲ್ಲಿ ನೀರು ಮುಗಿದು ಎಲ್ಲಿ ಆಕಾಶ ಶುರುವಾಗುತ್ತದೆಂದು ದಿನವೂ ಅಂಚು ಹೊಲಿಯುವ ನನ್ನ ಕಣ್ಣಿಗೂ ತಿಳಿಯಲಿಲ್ಲ. ಬಂದರಿನಲ್ಲಿ ನಿಮ್ಮ ಹಳೆಯ ಕ್ರೇನು ನನ್ನ ಹೊಲಿಗೆ ಯಂತ್ರದಷ್ಟೇ ಕಂಡಿತು. ನೀವು ದಿನಾ ಸಂಜೆ ಮನೆಗೆ ಬಂದು ಹೇಳಲು ನೋಡುತ್ತಿದ್ದುದು ಇದನ್ನೇ ಇರಬೇಕು. ಆಗ ಕೇಳಿಸಿಕೊಳ್ಳಲು ನನಗೆ ಪುರುಸೊತ್ತಿರಲಿಲ್ಲ. ಮೇಲೆ ಕೂತು ಅತ್ತುಬಿಟ್ಟೆ. ಮಗಳು ಭಯಕ್ಕೆ ಅಂದುಕೊಂಡಳು, ನಾನೂ ಹೌದೆಂದೆ.

ಈಗ ನನ್ನ ಕತ್ತರಿಸುವ ಮೇಜಿನ ಮೇಲೆಲ್ಲ ನಕ್ಷೆ ಹರಡಿದೆ. ಗಿರಾಕಿಗಳ ಬಟ್ಟೆ ಕುರ್ಚಿಯ ಮೇಲೆ. ಸಮುದ್ರದ ಮೇಲೆ ಆದಷ್ಟು ಎತ್ತರದಲ್ಲಿ ಹೋಗಬೇಕಂತೆ, ಇರುವುದೊಂದೇ ಇಂಜಿನ್ ನಿಂತರೂ ಗಾಳಿಯಲ್ಲಿ ತೇಲಿಕೊಂಡು ದಡ ಸೇರುವಷ್ಟು. ಇದನ್ನು ನನಗೆ ಸಮಾಧಾನ ಹೇಳುವಂತೆ ಹೇಳುತ್ತಾಳೆ! ದಾರಿಯಲ್ಲಿ ಒಂದು ದ್ವೀಪದಲ್ಲಿಳಿದು ಟ್ಯಾಂಕು ತುಂಬಿಸುವುದು. ವಿಮಾನದಲ್ಲಿ ಬಚ್ಚಲಿಲ್ಲವಾದ್ದರಿಂದ ಆ ದಿನ ನನಗೆ ಬೆಳಗಿನ ಕಾಫಿ ಇಲ್ಲ. ನನ್ನದು ಒಂದೇ ಹಟ, ಕೈಯಲ್ಲಿ ತಿರುಗಿಸುವ ಚಿಕ್ಕ ಹೊಲಿಗೆ ಯಂತ್ರ ಜೊತೆಗಿರಬೇಕು. ಒಂದು ವಾರ ಕೈ ಕಟ್ಟಿ ಕೂರುವುದು ನನ್ನಿಂದಾಗದು. ನೀವು ಆ ದೇಶಕ್ಕೆ ಹೊರಟಾಗ ಅಂಗಡಿ, ಯಂತ್ರ ಬಿಟ್ಟು ಬರಲಾರೆ ಎಂದವಳು ಈಗ ಮಾತ್ರ ಬಿಡುತ್ತೇನೆಯೇ? ಮಗಳು ಗೊಣಗಿಕೊಂಡು ಅದನ್ನೂ ತೂಗಿ ಲೆಕ್ಕಕ್ಕೆ ಸೇರಿಸಿದ್ದಾಳೆ.

ಸುತ್ತಾಟ ಮುಗಿದ ಮೇಲೆ ನಿಮ್ಮನ್ನು ನಿಮ್ಮೂರಿನಲ್ಲೇ ಇಳಿಸಿ, ನಾವಿಬ್ಬರು ವಾಪಸು. ಹಾಗೆಂದೇ ಯೋಜನೆ. ಅವಳ ಆಸೆಗಾಗಿ ನಾನು ಬರುತ್ತಿದ್ದೇನೆ, ಅಷ್ಟೇ. ನೀವೂ ಅವಳಿಗಾಗಿ ಬನ್ನಿ. ಕರೆಯಬೇಕಾದವಳು ನಾನಂತೆ; ಕರೆದಿದ್ದೇನೆ.

ಇಂತಿ,
ಚಿನಕುರಳಿಯ ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಮಗಳನ್ನು ಒಂದು ಮಾತು ಕೇಳಿದೆ, ವಾಪಸು ಬರುವ ದಾರಿಗೂ ಮೂವರನ್ನು ಹಾಕಿದರೆ ಏನಾಗುತ್ತದೆ ಎಂದು. ಅವಳು ನನ್ನ ಮುಖವನ್ನೇ ನೋಡಿದಳು, ಆಮೇಲೆ ಕೂತು ಲೆಕ್ಕ ಹಾಕಿದಳು. "ದ್ವೀಪಗಳಿಗಾದ್ರೆ ಹತ್ತಿರ, ಟ್ಯಾಂಕು ಅರ್ಧ ಇದ್ರೂ ಆಗತ್ತೆ. ಸಮುದ್ರ ದಾಟೋಕೆ ಪೂರ್ತಿ ತುಂಬಿಸ್ಲೇಬೇಕು. ಅಪ್ಪ ಕೂತ್ರೆ ನಿನ್ನ ಯಂತ್ರಕ್ಕೆ ಜಾಗ ಇಲ್ಲಮ್ಮಾ," ಅಂದಳು. ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದೇನೆ. ಅದು ಮನೆಯಲ್ಲೇ ಇರಲಿ. ನೀವೂ ಆದಷ್ಟು ಕೈಬೀಸಿಕೊಂಡೇ ಬನ್ನಿ, ಅಂಗಿಗಳನ್ನು ಇಲ್ಲಿ ಹೊಸದಾಗಿ ಹೊಲಿದುಕೊಡುತ್ತೇನೆ. ಅಳತೆ ಮಾತ್ರ ಮತ್ತೆ ತೆಗೆಯಬೇಕು.