ಅವಳು ನಿಲ್ಲಿಸಿದಲ್ಲಿ ಎಳೆದ ಗೆರೆ

ಮೂರನೇ ಕ್ಲಾಸಿನ ಟೀಚರ್‌ಗೆ ನಮಸ್ಕಾರಗಳು.

ನೀವು ಈ ಶಾಲೆ ಬಿಟ್ಟು ಹೋಗಿ ಆರು ತಿಂಗಳಾಯಿತು. ಹೊಸ ಶಾಲೆ, ಹೊಸ ಮಕ್ಕಳ ಗಲಾಟೆಯಲ್ಲಿ ನನ್ನ ನೆನಪು ಉಳಿದಿದೆಯೋ ಇಲ್ಲವೋ ಕಾಣೆ. ನನ್ನನ್ನು ಮರೆತಿದ್ದರೂ, ನಾವೆಲ್ಲ ಮಿಡತೆ ಎಂದು ಕರೆಯುವ ನನ್ನ ಮಗಳನ್ನು ಮರೆತಿರಲಾರಿರಿ. ಒಂದೇ ಪಿರಿಯಡ್‌ನಲ್ಲಿ ಆರು ಸಲ ಪೆನ್ಸಿಲ್ ಚೂಪು ಮಾಡಲು ಕಸದ ಬುಟ್ಟಿಯವರೆಗೆ ಹೋಗಿ ಬರುತ್ತಿದ್ದಳಲ್ಲ, ಅವಳು. ನಾನು ಅವಳ ತಾಯಿ, ಡ್ರೈ ಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ರಫು ಮಾಡುವವಳು.

ನೀವು ಹೊರಟ ದಿನ ಗೇಟಿನ ಹತ್ತಿರ ನಿಂತು "ಹೋಗಿ ಬನ್ನಿ ಟೀಚರ್" ಎಂದಷ್ಟೇ ಹೇಳಿದ್ದೆ. ಅದಕ್ಕಿಂತ ಹೆಚ್ಚು ಹೇಳಲು ಹೋಗಿದ್ದರೆ ಅಳು ಬರುತ್ತಿತ್ತು. ಅತ್ತರೆ ನನ್ನ ಮೂಗು ಕೆಂಪಾಗಿ ನೋಡುವ ಹಾಗಿರುವುದಿಲ್ಲ ಎಂದು ನಮ್ಮವರು ಮದುವೆಯಾದ ಹೊಸದರಲ್ಲೇ ಹೇಳಿಬಿಟ್ಟಿದ್ದಾರೆ. ಹಾಗಾಗಿ ಅಂದು ನುಂಗಿಕೊಂಡದ್ದನ್ನೆಲ್ಲ ಇವತ್ತು ಬರೆಯಲು ಕೂತಿದ್ದೇನೆ.

ನನ್ನ ಕೆಲಸ ಎಂಥದ್ದೆಂದು ನಿಮಗೆ ಗೊತ್ತು. ಸಿಗರೇಟಿನ ಕಿಡಿ ಬಿದ್ದ ಕೋಟು, ಮೊಳೆಗೆ ಸಿಕ್ಕು ಹರಿದ ಪ್ಯಾಂಟು, ನುಸಿ ತಿಂದ ಶಾಲು ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಂಡು, ಅದೇ ನೇಯ್ಗೆಯ ಲೆಕ್ಕ ಹಿಡಿದು, ತೂತು ಮುಚ್ಚುತ್ತೇನೆ. ಎಲ್ಲಿ ರಿಪೇರಿ ಆಗಿದೆ ಎಂದು ಗಿರಾಕಿ ಬೆಳಕಿಗೆ ಹಿಡಿದು ಹುಡುಕಿದರೂ ಸಿಗಬಾರದು. ಸಿಕ್ಕರೆ ಅದು ರಫು ಅಲ್ಲ, ತೇಪೆ ಎನ್ನುತ್ತಿದ್ದರು ನನಗೆ ಕೆಲಸ ಕಲಿಸಿದವರು. ಇಪ್ಪತ್ತು ವರ್ಷದಲ್ಲಿ ನನ್ನ ಕೈಯಿಂದ ಒಂದು ತೇಪೆಯೂ ಹೊರಗೆ ಹೋಗಿಲ್ಲ ಎಂಬ ಜಂಬ ನನಗಿತ್ತು, ಈಗಲೂ ಇದೆ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ಮಾಡಿದವರು ನಮ್ಮ ಮನೆಗೆ ಬಂದಿರಲಿಲ್ಲ. ನಾನು ಕೂತಲ್ಲಿಂದ ಏಳದೆ ನಾಲ್ಕು ಗಂಟೆ ಸೂಜಿ ಹಿಡಿಯುವವಳು. ಅವಳಿಗೆ ನಾಲ್ಕು ನಿಮಿಷ ಕೂರುವುದೆಂದರೆ ಮೈಮೇಲೆ ಇರುವೆ ಬಿಟ್ಟಂತೆ. ಒಂದು ಕಾಲಿಗೆ ಸಾಕ್ಸ್ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಬಾಲ್ಕನಿಗೆ ಹೋದರೆ, ಅಲ್ಲೇ ನಿಂತು ಎದುರು ಕಟ್ಟಡದ ಪೈಂಟರ್ ಜೊತೆ ಮಾತಾಡುತ್ತಾ ಶಾಲೆಯನ್ನೇ ಮರೆಯುತ್ತಿದ್ದಳು. ನಮ್ಮತ್ತೆ ಎರಡು ಏಟು ಹಾಕಿದರೆ ಸರಿಹೋಗುತ್ತಾಳೆ ಎನ್ನುತ್ತಿದ್ದರು. ನಮ್ಮವರು ನಾನೂ ಚಿಕ್ಕವನಿದ್ದಾಗ ಹೀಗೇ ಇದ್ದೆ, ಈಗ ಏನಾಗಿದೆ ಎನ್ನುತ್ತಿದ್ದರು. ಏನಾಗಿದೆ ಎಂದು ಹೇಳಲು ನನಗೆ ಬಾಯಿ ತುರಿಸುತ್ತಿತ್ತು. ಇವತ್ತಿಗೂ ಅವರು ಮನೆಯ ಕೀಲಿಯನ್ನು ಬೀಗದಲ್ಲೇ ಬಿಟ್ಟು ಡ್ಯೂಟಿಗೆ ಹೋಗುತ್ತಾರೆ.

ಕೊನೆಗೆ ಮಕ್ಕಳ ಡಾಕ್ಟರು ಎರಡು ತಿಂಗಳು ನೋಡಿ, ಇದಕ್ಕೆ ಎಡಿಎಚ್‌ಡಿ ಎನ್ನುತ್ತಾರೆ, ಗಮನ ಒಂದು ಕಡೆ ನಿಲ್ಲದ ತೊಂದರೆ, ಇದು ತುಂಟತನವೂ ಅಲ್ಲ, ಬೆಳೆಸಿದ್ದರಲ್ಲಿನ ತಪ್ಪೂ ಅಲ್ಲ ಎಂದರು. ಶಾಲೆಯ ವಿಶೇಷ ಶಿಕ್ಷಕಿಯ ಹತ್ತಿರ ದಿನಕ್ಕೆ ಒಂದು ಪಿರಿಯಡ್ ಕೂರಿಸಿದರೆ ಹುಡುಗಿ ದಡ ಸೇರುತ್ತಾಳೆ ಎಂದು ಪತ್ರ ಬರೆದುಕೊಟ್ಟರು. ಆ ಪತ್ರ ಹಿಡಿದು ಮೊದಲ ಸಲ ಮೀಟಿಂಗಿಗೆ ಬಂದ ದಿನ ನೀವು ರಜೆಯಲ್ಲಿದ್ದಿರಿ. ಹೆಡ್‌ಮಾಸ್ಟರು ಪತ್ರವನ್ನು ಓದಿ, ಮಿಡತೆಯ ನೋಟ್‌ಬುಕ್‌ಗಳನ್ನು ತರಿಸಿ, ಒಂದೊಂದೇ ಹಾಳೆ ತಿರುವಿದರು. "ಎಲ್ಲಾ ಪೂರ್ತಿ ಇದೆಯಲ್ಲಮ್ಮಾ. ಬರೆಯೋಕಾಗದೆ ಒದ್ದಾಡ್ತಿರೋ ಮಕ್ಕಳೇ ಹನ್ನೊಂದು ಜನ ಕ್ಯೂನಲ್ಲಿದ್ದಾರೆ, ಇರೋದು ಒಬ್ಬರೇ ಟೀಚರ್. ನಿಮ್ಮ ಮಗಳಿಗೆ ಬೇಕಿರೋದು ಶಿಸ್ತು" ಎಂದರು. ವರ್ಷದ ಕೊನೆಯೊಳಗೆ ಅವಳ ನಡತೆ ಸುಧಾರಿಸದಿದ್ದರೆ ಬೇರೆ ಶಾಲೆ ನೋಡಿಕೊಳ್ಳಿ ಎಂಬುದನ್ನೂ ಬಹಳ ಮೆತ್ತಗೆ ಹೇಳಿದರು.

ನಾನು ತುಟಿ ಪಿಟಕ್ಕೆನ್ನದೆ ಎದ್ದು ಬಂದೆ. ಯಾಕೆಂದರೆ ಆ ನೋಟ್‌ಬುಕ್‌ಗಳನ್ನು ಪೂರ್ತಿ ಮಾಡಿದವಳು ನಾನೇ.

ನಿಮಗೆ ತಿಳಿದದ್ದೇ, ನಮ್ಮ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಪರೀಕ್ಷೆ ಇಲ್ಲ, ನೋಟ್‌ಬುಕ್ ನೋಡಿಯೇ ಗ್ರೇಡ್. ಕ್ಲಾಸಿನಲ್ಲಿ ಉಳಿದದ್ದನ್ನು ಮನೆಯಲ್ಲಿ ಮುಗಿಸಬೇಕು. ಅವಳದು ದಿನವೂ ಉಳಿಯುತ್ತಿತ್ತು. ಸಂಜೆ ಐದಕ್ಕೆ ಶುರುವಾದ ಯುದ್ಧ ಏಳಾದರೂ ಮುಗಿಯುತ್ತಿರಲಿಲ್ಲ. ನಾನು ಬಯ್ಯುವುದು, ಅವಳು ಅಳುವುದು, ನಾನು ಇನ್ನೂ ಬಯ್ಯುವುದು. ಒಂದನೇ ಕ್ಲಾಸಿನಲ್ಲೇ ಒಂದು ದಿನ ಸೋತು, ಅವಳು ಬಿಟ್ಟ ಮೂರು ಸಾಲನ್ನು ನಾನೇ ಬರೆದೆ. ಮರುದಿನ ಅರ್ಧ ಪುಟ. ಆಮೇಲೆ ಕೈ ಕೂತಿತು. ಅವಳ 'ಳ'ಕಾರದ ಉದ್ದ ಬಾಲ, ಸಾಲು ಬಿಟ್ಟು ಮೇಲಕ್ಕೆ ಹತ್ತುವ ಅಂಕಿಗಳು, ಅವಳು ಮಾಡುವ ಕಾಗುಣಿತದ ತಪ್ಪು, ಎಲ್ಲವನ್ನೂ ಲೆಕ್ಕ ಹಿಡಿದು ಹಾಕುತ್ತಿದ್ದೆ. ಎಲ್ಲಿ ಅವಳು ನಿಲ್ಲಿಸಿದಳು, ಎಲ್ಲಿ ನಾನು ಶುರುಮಾಡಿದೆ ಎಂದು ಹೆತ್ತ ಅಪ್ಪನಿಗೂ ತಿಳಿಯುತ್ತಿರಲಿಲ್ಲ. ಮಗಳಿಗೆ ಸಹಾಯ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ, ಟೀಚರ್.

ಮೀಟಿಂಗಾದ ಮುಂದಿನ ವಾರ ನೀವು ನನ್ನನ್ನು ಕರೆಸಿದಿರಿ. ಮಕ್ಕಳೆಲ್ಲ ಹೋದ ಮೇಲೆ ಖಾಲಿ ಕ್ಲಾಸಿನಲ್ಲಿ ಆ ಪುಟ್ಟ ಕುರ್ಚಿಗಳ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಇಬ್ಬರೂ ಕೂತೆವು. ನೀವು ನೋಟ್‌ಬುಕ್ ತೆರೆದು, ಹಾಳೆಯ ಹಿಂಬದಿ ತಿರುಗಿಸಿ, ನನ್ನ ಬೆರಳು ಹಿಡಿದು ಅದರ ಮೇಲೆ ಆಡಿಸಿದಿರಿ. ಮೇಲಿನ ಅರ್ಧ ತರಿತರಿಯಾಗಿತ್ತು, ಕೆಳಗಿನ ಅರ್ಧ ನುಣ್ಣಗೆ. "ಅಕ್ಷರ ಥೇಟ್ ಅವಳದೇ, ತಪ್ಪೂ ಅವಳದೇ. ಆದ್ರೆ ಪೆನ್ಸಿಲನ್ನ ಇಷ್ಟು ಹಗುರವಾಗಿ ಅವಳು ಯಾವತ್ತೂ ಒತ್ತಿಲ್ಲ" ಎಂದಿರಿ.

ನನ್ನ ರಫು ಸಿಕ್ಕಿಬಿದ್ದದ್ದು ಅದೇ ಮೊದಲು. ಕಾಲಡಿಯ ನೆಲ ಬಾಯಿಬಿಡಬಾರದೇ ಅನ್ನಿಸಿತು. ನೀವು ಬಯ್ಯುತ್ತೀರಿ, ಹೆಡ್‌ಮಾಸ್ಟರಿಗೆ ಹೇಳುತ್ತೀರಿ, ಮಗಳ ಹೆಸರು ಶಾಲೆಯಿಂದ ತೆಗೆಯುತ್ತಾರೆ ಎಂದು ಏನೇನೋ ಯೋಚನೆ ಬಂದುಹೋಯಿತು. ನೀವು ಮಾತ್ರ ಕೇಳಿದ್ದು ಇಷ್ಟೇ: "ಅವಳ ಕಷ್ಟಾನ ನೀವು ಹೀಗೆ ಮುಚ್ಚಿಟ್ರೆ, ಅದನ್ನ ನಾನು ಯಾರಿಗೆ ತೋರಿಸ್ಲಿ?"

ಆಮೇಲೆ ನೀವು ಕೊಟ್ಟ ಕೆಲಸ ನನ್ನ ಬದುಕಿನಲ್ಲೇ ಕಷ್ಟದ ಕೆಲಸ. ಆರು ವಾರ ನೋಟ್‌ಬುಕ್ ಮುಟ್ಟಬಾರದು. ಅವಳ ಪಕ್ಕ ಕೂರಬಹುದು, ನೀರು ಕೊಡಬಹುದು, ಬೆನ್ನು ಸವರಬಹುದು. ಅವಳಿಂದ ಇನ್ನಾಗದು ಅಂದಾಗ, ನಿಲ್ಲಿಸಿದ ಜಾಗದ ಕೆಳಗೆ ಒಂದು ಗೆರೆ ಎಳೆದು, ಶುರುಮಾಡಿದ ಹೊತ್ತು, ಬಿಟ್ಟ ಹೊತ್ತು ಬರೆದು ಹಾಗೇ ಕಳಿಸಬೇಕು. ಒಪ್ಪಿಕೊಂಡು ಬಂದೆ. ದಾರಿಯುದ್ದಕ್ಕೂ ನಿಮ್ಮನ್ನು ಬಯ್ದುಕೊಂಡೇ ಬಂದೆ. ಈ ಮಾತಿಗೆ ಕ್ಷಮೆ ಕೇಳುತ್ತೇನೆ, ಆದರೆ ಬಯ್ದದ್ದು ನಿಜ.

ಅರ್ಧ ಹಾಳೆ ಖಾಲಿ ಬಿಟ್ಟು ಗೆರೆ ಎಳೆಯುವುದೆಂದರೆ, ತೂತಿರುವ ಕೋಟನ್ನು ಇಸ್ತ್ರಿ ಮಾಡಿ ಗಿರಾಕಿಯ ಕೈಗೆ ಕೊಟ್ಟಷ್ಟು ನಾಚಿಕೆ. ನಾಲ್ಕನೇ ದಿನ ತಡೆಯಲಾರದೆ ಒಂದೇ ಒಂದು ಕೂಡುವ ಲೆಕ್ಕ ಮಾಡಿಬಿಟ್ಟೆ, ಈ ಸಲ ಬಲವಾಗಿ ಒತ್ತಿಯೇ ಬರೆದೆ. ಮರುದಿನ ಅದರ ಪಕ್ಕ ನಿಮ್ಮ ಕೆಂಪು ಪೆನ್ನಿನಲ್ಲಿ "ಅಮ್ಮನ ಉತ್ತರ ಸರಿಯಿದೆ" ಎಂದಿತ್ತು. ಅದನ್ನು ಓದಿ ನಮ್ಮವರು ನಕ್ಕದ್ದು ಪಕ್ಕದ ಮನೆಗೂ ಕೇಳಿರಬೇಕು. ಆಮೇಲೆ ನಾನು ಪೆನ್ಸಿಲ್ ಮುಟ್ಟಲಿಲ್ಲ.

ಆ ಗೆರೆಗಳಿಂದ ನನಗೇ ತಿಳಿಯದಿದ್ದದ್ದು ತಿಳಿಯಿತು. ಅವಳು ಒಂದು ಸಲಕ್ಕೆ ಏಳು ನಿಮಿಷ ಬರೆಯಬಲ್ಲಳು. ಎಂಟನೆಯದರಿಂದ ಹೊಯ್ದಾಟ ಶುರು. ಅವಳು ಸೋಮಾರಿಯಲ್ಲ, ಏಳು ನಿಮಿಷ ತನ್ನ ಶಕ್ತಿಯನ್ನೆಲ್ಲ ಹಾಕುತ್ತಿದ್ದಳು. ಉಳಿದ ಎರಡು ಗಂಟೆ ನಾನು ಬಯ್ದದ್ದೆಲ್ಲ ದಣಿದು ಕೂತ ಮಗುವಿಗೆ. ಅತ್ತ ಕ್ಲಾಸಿನಲ್ಲಿ ನೀವೂ ಒಂದು ಹಾಳೆ ಇಟ್ಟುಕೊಂಡು, ಹತ್ತು ಹತ್ತು ನಿಮಿಷಕ್ಕೆ ಅವಳು ಏನು ಮಾಡುತ್ತಿದ್ದಾಳೆ ಎಂದು ಗುರುತು ಹಾಕುತ್ತಿದ್ದಿರಿ. ಮೂವತ್ತಾರು ಮಕ್ಕಳ ನಡುವೆ ಅದಕ್ಕೆ ಹೊತ್ತು ಎಲ್ಲಿಂದ ತಂದಿರೋ ನಾನರಿಯೆ.

ಎರಡನೇ ಮೀಟಿಂಗಿನ ದಿನ ನೆನಪಿದೆಯೇ? ನೀವು, ನಾನು, ಹೆಡ್‌ಮಾಸ್ಟರು, ವಿಶೇಷ ಶಿಕ್ಷಕಿ. ಮೇಜಿನ ಮೇಲೆ ಆರು ವಾರದ ಅರೆಬರೆ ನೋಟ್‌ಬುಕ್‌ಗಳು. ಅವುಗಳನ್ನು ನೋಡಿ ಹೆಡ್‌ಮಾಸ್ಟರ ಹುಬ್ಬು ಮೇಲೆ ಹೋಯಿತು. ಮೊದಲೆಲ್ಲ ಪೂರ್ತಿ ಬರೆಯುತ್ತಿದ್ದ ಹುಡುಗಿ ಈಗ ಇದ್ದಕ್ಕಿದ್ದಂತೆ ಯಾಕೆ ಹೀಗೆ, ಸೌಲಭ್ಯ ಸಿಗಲಿ ಎಂದು ಬೇಕಂತಲೇ ಬಿಡಿಸಿದ್ದೀರಾ ಎಂದು ಕೇಳಿದರು. ನೀವು ನನ್ನ ಕಡೆ ನೋಡಿದಿರಿ. ನೀವೇ ಹೇಳಬಹುದಿತ್ತು, ಹೇಳಲಿಲ್ಲ. ನಾನು ಸುಳ್ಳು ಹೇಳಿ ಮಾನ ಉಳಿಸಿಕೊಂಡಿದ್ದರೆ ನೀವು ಮಧ್ಯೆ ಬರುತ್ತಿರಲಿಲ್ಲವೆಂದೂ ನನಗೆ ಅನ್ನಿಸುತ್ತದೆ. ಮೇಜಿನ ಕೆಳಗೆ ನಿಮ್ಮ ಕೈ ನನ್ನ ಕೈಮೇಲೆ ಬಂದು ಕೂತಿತ್ತು, ಅಷ್ಟೇ.

"ಮೊದಲಿನದೆಲ್ಲ ಬರೆದಿದ್ದು ನಾನು ಸರ್" ಎಂದೆ.

ಅವರು ನಂಬಲಿಲ್ಲ. ಒಂದು ಖಾಲಿ ಹಾಳೆ ಸರಿಸಿ, ಬರೆದು ತೋರಿಸಿ ಎಂದರು. ಮಗಳ ಕೈಬರಹದಲ್ಲಿ ಎರಡು ಸಾಲು ಬರೆದೆ, 'ಳ'ಕಾರದ ಬಾಲ ಸಮೇತ. ಅವರು ಕನ್ನಡಕ ಏರಿಸಿ ಹಳೆಯ ನೋಟ್‌ಬುಕ್ಕಿನ ಪಕ್ಕ ಇಟ್ಟು ನೋಡಿದರು, ಮತ್ತೆ ನೋಡಿದರು. ಮಗಳನ್ನು ಈ ಶಾಲೆಯಿಂದ ನನ್ನ ಕೈಯಾರೆ ಹೊರಗೆ ಹಾಕಿಸಿದೆ ಎಂದೇ ತಿಳಿದೆ. "ಹಾಗಾದ್ರೆ ಇಷ್ಟು ದಿನ ನಾವು ಪಾಸ್ ಮಾಡ್ತಿದ್ದದ್ದು ನಿಮ್ಮನ್ನ" ಎಂದರು ಅವರು ಕೊನೆಗೆ. ಆಮೇಲೆ ಗೆರೆ ಎಳೆದ ಒಂದೊಂದೇ ಹಾಳೆಯನ್ನೂ ನೀವು ಇಟ್ಟ ಲೆಕ್ಕವನ್ನೂ ಪೂರ್ತಿ ಓದಿದರು. ಓದುತ್ತಾ ಓದುತ್ತಾ ಅವರ ದನಿಯೇ ಬದಲಾಯಿತು. ಮುಂದಿನ ಸೋಮವಾರದಿಂದ ದಿನಕ್ಕೊಂದು ಪಿರಿಯಡ್, ಮುಂದಿನ ವರ್ಷದ ಪರೀಕ್ಷೆಗೆ ಹೆಚ್ಚಿನ ಸಮಯ, ನಿಂತು ಬರೆಯಲು ಅನುಮತಿ ಎಂದು ಅಲ್ಲೇ ಬರೆದು ಸಹಿ ಹಾಕಿದರು. ನಾನು ಅತ್ತೆ. ಮೂಗಿನ ಯೋಚನೆ ಬರಲಿಲ್ಲ.

ಈಗಿನ ಸಮಾಚಾರ ಹೇಳುತ್ತೇನೆ. ವಿಶೇಷ ಶಿಕ್ಷಕಿ ಉದ್ದನೆಯ ಲೆಕ್ಕವನ್ನು ತುಂಡು ಮಾಡಿ ಕೊಡುತ್ತಾರೆ. ಏಳು ನಿಮಿಷ ಬರೆದರೆ ಎರಡು ನಿಮಿಷ ಕಾರಿಡಾರಿನಲ್ಲಿ ಒಂದು ಸುತ್ತು. ಏಳು ಈಗ ಹನ್ನೊಂದಾಗಿದೆ. ಸಂಜೆ ಅರ್ಧ ಗಂಟೆಯಲ್ಲೇ ಪುಸ್ತಕ ಮುಚ್ಚುತ್ತೇವೆ. ಉಳಿದ ಹೊತ್ತು ಅವಳು ಮಾತಾಡುತ್ತಾಳೆ, ನಾನು ಕೇಳುತ್ತೇನೆ. ಅವಳಿಗೆ ಇಷ್ಟೊಂದು ಮಾತು ಬರುತ್ತದೆಂದು, ಅದರಲ್ಲಿ ಅರ್ಧ ತಮಾಷೆಯೆಂದು, ಎಂಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಎರಡು ಏಟಿನ ನಮ್ಮತ್ತೆಯೇ ಈಗ ಗಡಿಯಾರ ಹಿಡಿದು ಕೂತು, ಆಯ್ತು ಎದ್ದೇಳು, ಮಗು ದಣಿದಿದೆ ಎಂದು ನನ್ನನ್ನೇ ಗದರುತ್ತಾರೆ.

ನೀವು ನನ್ನ ಮಗಳಿಗೆ ಒಂದು ಪಿರಿಯಡ್ ಕೊಡಿಸಿದಿರಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ನನಗೆ ನನ್ನ ಮಗಳನ್ನು ಕೊಡಿಸಿದಿರಿ ಎಂಬುದನ್ನು ನಿಮ್ಮೊಬ್ಬರಿಗೆ ಹೇಳುತ್ತಿದ್ದೇನೆ.

ಕಳೆದ ವಾರ ನಾಲ್ಕನೇ ಕ್ಲಾಸಿನ ಮೊದಲ ಪರೀಕ್ಷೆಯ ಪೇಪರ್ ಕೊಟ್ಟರು. ಅವಳು ಅಪ್ಪನ ಕೈ ಬಿಡಿಸಿಕೊಂಡು, ಅಂಗಡಿಯ ಮುಂದಿನ ಗಿರಾಕಿಗಳನ್ನೆಲ್ಲ ದಾಟಿ, ಸೀದಾ ಹಿಂದಿನ ಕೋಣೆಗೆ ನುಗ್ಗಿದಳು. ಗಣಿತದ ಪೇಪರನ್ನು ಯಾರದೋ ಕೋಟಿನ ಮೇಲೆ ಹರಡಿದಳು. ನೂರಕ್ಕೆ ಮೂವತ್ತೆಂಟು. "ಅಮ್ಮಾ, ಮೂವತ್ತೆಂಟೂ ನಂದೇ" ಎಂದಳು.

ಮೂರು ವರ್ಷ ಮನೆಗೆ ಬಂದ ಒಳ್ಳೆಯ ಗ್ರೇಡುಗಳೆಲ್ಲ ನನ್ನವು, ಟೀಚರ್. ನನ್ನ ಮಗಳಿಗೆ ಅಂಕ ಬಂದದ್ದು ಇದೇ ಮೊದಲು.

ನೀವು ಕಲಿಸುವ ಒಂದೊಂದು ಮಗುವಿನ ತಾಯಿಯೂ ಒಂದಲ್ಲ ಒಂದು ದಿನ ನಿಮ್ಮನ್ನು ಹೀಗೆ ನೆನೆಯಲಿ. ನಿಮ್ಮ ಕಣ್ಣು, ನಿಮ್ಮ ಬೆರಳು, ನಿಮ್ಮ ತಾಳ್ಮೆ ನೂರು ಕಾಲ ಗಟ್ಟಿಯಾಗಿರಲಿ.

ಇತಿ, ನಿಮ್ಮನ್ನು ಮೊದಲು ಬಯ್ದು ಈಗ ದಿನವೂ ಹರಸುವ,
ಮಿಡತೆಯ ಅಮ್ಮ